ಚೆಲ್ಲದ ಮದ್ದು

ಅತ್ತಿಗೆ ಅಂಗಡಿಯೊಳಗೆ ಬಂದವರೇ ಕೈಚೀಲದಿಂದ ಒಂದು ಕೆಟಲ್ ತೆಗೆದು, ಕಬ್ಬಿಣ ಕಚ್ಚಿಹಿಡಿಯುವ ವೈಸಿನ ಪಕ್ಕದಲ್ಲಿ, ಉಜ್ಜುವ ಅರಗಳನ್ನು ಆಚೆ ಸರಿಸಿ ಜಾಗ ಮಾಡಿ ಇಟ್ಟರು. ಆಮೇಲೆ ಒಂದು ಟವೆಲ್ ತೆಗೆದರು. ಅದು ಒಂದು ಕಾಲಕ್ಕೆ ಬೆಳ್ಳಗಿತ್ತು ಅನ್ನುವುದಕ್ಕೆ ಅಂಚಿನಲ್ಲಿ ಬೆರಳಗಲದ ಜಾಗವೊಂದೇ ಸಾಕ್ಷಿ. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು, ಕೂತ ಮೇಲೆ ಉಸಿರು ಬಿಟ್ಟರು. ಮಾತು ಇನ್ನೂ ಶುರುವಾಗಿರಲಿಲ್ಲ.

“ಮೂಸಿ ನೋಡು,” ಅಂದರು ಕೆಟಲ್ ಕಡೆ ಗಲ್ಲ ತೋರಿಸಿ.

“ಮೂಸೋದೇನು ಅತ್ತಿಗೆ. ಹುಟ್ಟಿದಾಗಿಂದ ಗೊತ್ತಿರೋ ವಾಸನೆ.”

“ಹುಟ್ಟಿದ್ದು ನೀನು. ನಾನು ಮದುವೆಯಾಗಿ ಬಂದವಳು. ಕೊಳೆತ ಮೊಟ್ಟೆ ವಾಸನೆ ಜೊತೆ ಸಂಸಾರ ಮಾಡ್ತೀನಿ ಅಂತ ಯಾರಿಗೂ ಮಾತು ಕೊಟ್ಟಿರ್ಲಿಲ್ಲ.”

ಮೇಜಿನ ಈಚೆ ಕೂತಿದ್ದ ನಾದಿನಿ ನಗಲು ಹೋದಳು, ಅರ್ಧದಲ್ಲೇ ಭುಜ ಹಿಡಿದುಕೊಂಡುಬಿಟ್ಟಿತು. ಅವಳನ್ನು ಊರೆಲ್ಲ ಕರೆಯುವುದು ಮದ್ದಿನಕ್ಕ ಅಂತ. ಕೋವಿ ರಿಪೇರಿಯ ಆ ಅಂಗಡಿ ಅವಳ ಅಪ್ಪನದು. ಅಪ್ಪ ಹೋದ ಮೇಲೆ ಅಣ್ಣ ಬಸ್ಸು ಓಡಿಸಲು ಹೋದ, ತಂಗಿ ಅರ ಹಿಡಿದಳು. ಐವತ್ತು ದಾಟಿದ ಮೇಲೆ ಅರ ಹಿಡಿದ ಕೈಗಿಂತ ಭುಜಕ್ಕೆ ಹೆಚ್ಚು ವಯಸ್ಸಾಯಿತು. ಈಗೀಗ ರಿಪೇರಿ ಕಡಿಮೆ. ಹಳೆಯ ರೈಫಲ್‌ಗಳ ಕ್ಲಬ್ಬಿನವರಿಗೆ ಕಾಡತೂಸು ತುಂಬಿಕೊಡುವುದೇ ಮುಖ್ಯ ಕೆಲಸ. ಅವರ ಬಾಯಲ್ಲಿ ಅದು ತೋಟಾ. ಅಂಥ ರೈಫಲ್‌ಗಳ ಅಳತೆಯದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನೇ ತೊಳೆದು, ತಳದಲ್ಲಿ ಕಿಡಿ ಹೊತ್ತಿಸುವ ಕೇಪು ಬದಲಿಸಿ, ಮತ್ತೆ ಮದ್ದು ಹಾಕಿ, ಸೀಸದ ಗುಂಡು ಕೂರಿಸಬೇಕು.

ಆ ಮದ್ದು ಅಂದರೆ ಕರಿಮದ್ದು. ಹಳೆಯ ಕೋವಿಗೆ ಹಳೆಯ ಮದ್ದು. ಹೊಡೆದರೆ ಒಂದು ಮೋಡ ಎದ್ದು ನಿಲ್ಲುತ್ತದೆ, ಗುರಿ ಕಾಣಬೇಕಾದರೆ ಗಾಳಿಯ ದಯೆ ಬೇಕು. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಏನೆಂದರೆ ನಳಿಗೆಯೊಳಗೆ ಉಳಿಯುವ ಕಪ್ಪು. ಅದು ಗಾಳಿಯಲ್ಲಿರುವ ಪಸೆಯನ್ನು ಕುಡಿಯುತ್ತದೆ, ಕುಡಿದು ಕಬ್ಬಿಣ ತಿನ್ನುತ್ತದೆ. ಹೊಡೆದ ದಿನವೇ ಕೆಟಲ್‌ನಿಂದ ಬಿಸಿನೀರು ಹೊಯ್ದು, ಕೊಳೆತ ಮೊಟ್ಟೆಯ ನಾತ ತಡೆದುಕೊಂಡು, ಸಲಾಕೆಗೆ ಬಟ್ಟೆ ಸುತ್ತಿ, ಎಳೆದು ತಳ್ಳಿ, ಎಳೆದು ತಳ್ಳಿ, ಬಟ್ಟೆ ಬೆಳ್ಳಗೆ ಬರುವ ತನಕ ತೊಳೆಯಬೇಕು. ನಾಳೆ ಅಂದರೆ ತುಕ್ಕು.

ಅಣ್ಣನೂ ಆ ಕ್ಲಬ್ಬಿನವನೇ, ಜೀವಮಾನ ಪೂರ್ತಿ ತನ್ನ ರೈಫಲ್ಲನ್ನು ತಾನೇ ತೊಳೆದ. ಕಳೆದ ವರ್ಷ ಮೆಟ್ಟಿಲಿಂದ ಜಾರಿ ಎರಡೂ ಮಣಿಕಟ್ಟು ಮುರಿದುಕೊಂಡ. ಮೂಳೆ ಕೂಡಿತು, ಬಲ ಬರಲಿಲ್ಲ. ರೈಫಲ್ಲನ್ನು ಮರಳುಚೀಲದ ಮೇಲೆ ಒರಗಿಸಿ ಬೆರಳಲ್ಲಿ ಕುದುರೆ ಎಳೆಯಬಲ್ಲ, ಸಲಾಕೆ ತಳ್ಳಲಾರ. ಅಲ್ಲಿಂದ ತೊಳೆಯುವ ಕೆಲಸ ಅತ್ತಿಗೆಯ ಪಾಲಿಗೆ ಬಂತು, ಅವರೇನೂ ಕೇಳಿ ಪಡೆದದ್ದಲ್ಲ.

“ಸ್ನಾನದ ಮನೇಲಿ ಮಂಡಿಯೂರಿ ಕೂರ್ಬೇಕು,” ಅಂದರು ಅತ್ತಿಗೆ. “ಕೂರೋದು ಹೇಗೋ ಕೂತ್ಕೋತೀನಿ. ಏಳೋದು ಒಂದು ಕಥೆ. ಗೋಡೆ ಹಿಡಿದು, ಬಕೆಟ್ ಹಿಡಿದು, ಇರೋ ಬರೋರನ್ನೆಲ್ಲ ನೆನೆಸ್ಕೊಂಡು ಏಳ್ಬೇಕು. ಅಷ್ಟರಲ್ಲಿ ನಿಮ್ಮಣ್ಣ ಬಾಗಿಲಲ್ಲಿ ನಿಂತು, ಇನ್ನೊಂದು ಸಲ ಎಳಿ, ಇನ್ನೂ ಬೂದಿ ಬಣ್ಣ ಇದೆ, ಅಂತಾರೆ.”

“ಹಾಗಂತಾನಾ?”

“ಪಾಪ, ಮೆತ್ತಗೇ ಅಂತಾರೆ. ಅದಕ್ಕೇ ಕೋಪ ಜಾಸ್ತಿ.”

ಅತ್ತಿಗೆ ಟವೆಲ್ಲನ್ನು ಮಡಿಸಿದರು, ಮತ್ತೆ ಬಿಡಿಸಿದರು.

“ಕೋವಿ ಮಾರಿಬಿಡಿ ಅನ್ನೋಕೆ ನಂಗೆ ಬಾಯಿ ಬರಲ್ಲ ಕಣಮ್ಮ. ಆ ಗುರಿಕಟ್ಟೆಗೆ ಹೋಗೋ ದಿನ ಮಾತ್ರ ಅವರು ಗಡ್ಡ ಕೆರ್ಕೊಳೋದು. ಮಿಕ್ಕಿದ ದಿನ ಎಲ್ಲಾ ಕುರ್ಚಿ, ಕಿಟಕಿ, ಕುರ್ಚಿ. ಮಾರಿ ಅನ್ನೋಕೆ ಬಾಯಿ ಬರಲ್ಲ, ತೊಳಿತೀನಿ ಅನ್ನೋಕೆ ಕೈ ಬರಲ್ಲ. ಹೊಗೆ ಬರದೇ ಇರೋ ಮದ್ದು ಅಂತ ಇದೆಯಂತಲ್ಲ. ಅದು ಹಾಕಿದ್ರೆ ಒಂದು ಎಣ್ಣೆಬಟ್ಟೆ ಎಳೆದ್ರೆ ಮುಗೀತಂತೆ. ಡಾಕ್ಟ್ರು ಹೇಳಿದ್ರು.”

ಡಾಕ್ಟ್ರು ಅಂದರೆ ಹಲ್ಲಿನ ಡಾಕ್ಟರು, ಕ್ಲಬ್ಬಿನ ಕಾರ್ಯದರ್ಶಿ. ಬಾಯಿ ತೆರೆಸಿ ತೆರೆಸಿ, ಅಭ್ಯಾಸಬಲದಿಂದ ತಮ್ಮ ಬಾಯಿಯನ್ನೂ ಮುಚ್ಚದೆ ಬಿಟ್ಟ ಮನುಷ್ಯ. ಆದರೆ ಹೇಳಿದ್ದು ಸುಳ್ಳಲ್ಲ.

“ಇದೆ,” ಅಂದಳು ಮದ್ದಿನಕ್ಕ. “ಅಣ್ಣನ ರೈಫಲ್ ತಡಿಯುತ್ತೆ ಕೂಡ. ನಳಿಗೆ ಅಪ್ಪ ಬದಲಾಯಿಸಿದ್ದು, ಉಕ್ಕಿಂದು. ಪರೀಕ್ಷೆ ಮಾಡಿಸಿ ಮುದ್ರೆ ಹಾಕ್ಸಿದ್ದಾರೆ. ಬೇರೆಯವರ ಹಳೇದಕ್ಕೆಲ್ಲ ಹಾಕೋ ಹಾಗಿಲ್ಲ, ಸಿಡಿದು ಹೋಗುತ್ತೆ. ಇದಕ್ಕೆ ಹಾಕಬಹುದು, ಅಳತೆ ಸರಿ ಇದ್ರೆ.”

“ಮತ್ತೆ ಇಷ್ಟು ದಿನ ಯಾಕೆ ಹಾಕ್ಲಿಲ್ಲ?”

ಮದ್ದಿನಕ್ಕ ಎದ್ದು ಒಂದು ಖಾಲಿ ಕೇಸು ತಂದಳು. ಕಿರುಬೆರಳಿನಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ.

“ಇದು ಕರಿಮದ್ದಿಗೆ ಅಂತ ಮಾಡಿದ್ದು. ಕಂಠದ ತನಕ ತುಂಬಿದ್ರೇನೇ ಸರಿಯಾದ ಅಳತೆ. ತಪ್ಪಿ ಎರಡು ಸಲ ಹಾಕಿದ್ರೆ ಮೇಜಿನ ಮೇಲೆಲ್ಲ ಚೆಲ್ಲುತ್ತೆ. ಹೊಸ ಮದ್ದು ಹಾಗಲ್ಲ. ಒಂದು ಚಿಟಿಕೆ ಸಾಕು. ತಳದಲ್ಲಿ ಎಲ್ಲೋ ಕೂತಿರುತ್ತೆ, ಎರಡು ಚಿಟಿಕೆ ಬಿದ್ರೂ ಹೊರಗೆ ಬರಲ್ಲ. ಬರೋದು ಹೊಡೆದಾಗಲೇ, ಕೋವಿ ಸಮೇತ. ಕರಿಮದ್ದು ಕೆಲಸ ಆಮೇಲೆ ಕೇಳುತ್ತೆ ಅತ್ತಿಗೆ. ಇದು ಮೊದಲೇ ಕೇಳುತ್ತೆ.”

“ಯಾರ ಹತ್ರ ಕೇಳುತ್ತೆ?”

“ನನ್ನ ಹತ್ರ.”

“ಹಾಗಾದ್ರೆ ಸರಿ,” ಅಂದರು ಅತ್ತಿಗೆ. “ಇಷ್ಟು ದಿನ ನನ್ನ ಹತ್ರ ಕೇಳ್ತು. ಈಗ ನಿನ್ನ ಹತ್ರ ಕೇಳ್ಲಿ.”

ಎದ್ದು ಹೊರಟೇಬಿಟ್ಟರು. ಕೆಟಲ್ ತೆಗೆದುಕೊಂಡು ಹೋಗಲಿಲ್ಲ. ಮರೆತದ್ದಲ್ಲ ಅದು.

ಮಾರನೇ ದಿನ ಅಣ್ಣ ರೈಫಲ್ ಹೊತ್ತುಕೊಂಡು ಬಂದ. ಹೊತ್ತುಕೊಂಡು ಅಂದರೆ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಮೊಣಕೈ ಸಂದಿಯಲ್ಲಿಟ್ಟುಕೊಂಡು. ಅದನ್ನು ಮೇಜಿನ ಮೇಲೆ ಮಲಗಿಸಿ, ಅಲ್ಲಿದ್ದ ಕೆಟಲ್ ನೋಡಿ, ಕುರ್ಚಿಯಲ್ಲಿ ಕೂತ.

“ಬಂದಿದ್ಲಾ?”

“ಬಂದಿದ್ರು.”

“ಬೈದ್ಲಾ?”

“ಇಲ್ಲ. ಅದಕ್ಕೇ ಭಯ ಆಯ್ತು.”

ಅಣ್ಣ ತಲೆಯಾಡಿಸಿದ. ನಳಿಗೆಯೊಳಗೆ ಬೆಳಕು ಬಿಟ್ಟು ತಂಗಿ ಇಣುಕಿದಳು. ಕನ್ನಡಿ ಹಾಗಿತ್ತು. ಮಂಡಿನೋವಿನ ಹೆಂಗಸೊಬ್ಬಳು ಸ್ನಾನದ ಮನೆಯ ನೆಲದಲ್ಲಿ ಕೂತು ಉಜ್ಜಿದ ಹೊಳಪು ಅದು. ಮುದ್ರೆ ಇದ್ದ ಕಡೆ ಬೆರಳಾಡಿಸಿದಳು, ನಳಿಗೆಯ ಹಿಂಬದಿ ಮುಚ್ಚುವ ಬೀಗದ ಕೀಲು ಅಲ್ಲಾಡಿಸಿ ನೋಡಿದಳು, ಎಲ್ಲ ಗಟ್ಟಿಯಿತ್ತು.

“ಹೊಗೆ ಇಲ್ದೆ ಹೊಡೆದ್ರೆ ಹೊಡೆದ ಹಾಗೇ ಅನ್ಸಲ್ಲ ಪುಟ್ಟಿ,” ಅಂದ ಅಣ್ಣ. ತಲೆ ನರೆತ ತಂಗಿಯನ್ನು ಪುಟ್ಟಿ ಅಂತ ಕರೆಯಲು ಉಳಿದವನು ಅವನೊಬ್ಬನೇ. “ಕರಿಮದ್ದು ಭುಜಾನ ತಳ್ಳುತ್ತೆ, ಹೋಗಪ್ಪ ಆಚೆ ಅಂತ. ಇದು ಕೆನ್ನೆಗೆ ಬಾರಿಸಿದ ಹಾಗೆ. ಸಕ್ಕರೆ ಇಲ್ದಿರೋ ಟೀ.”

“ನೀನು ಕುಡಿತಿರೋದು ಸಕ್ಕರೆ ಇಲ್ದಿರೋ ಟೀನೇ ಅಲ್ವಾ?”

“ಅದಕ್ಕೇ ಹೇಳ್ತಿರೋದು.”

ತಂಗಿ ಟಾರ್ಚು ಆರಿಸಿ ಮೇಜಿನ ಖಾನೆಗೆ ಹಾಕಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಅವಳು ಗೋಡೆ ಹಿಡ್ಕೊಂಡು ಏಳೋದು ನೋಡಿದ್ದೀನಿ,” ಅಂದ ಅಣ್ಣ ಕೊನೆಗೆ. “ನೋಡಿ ಬಾಗಿಲಲ್ಲೇ ನಿಂತಿರ್ತೀನಿ. ಕೈ ಕೊಡೋಣ ಅಂದ್ರೆ, ಈ ಕೈ ಹಿಡ್ಕೊಂಡ್ರೆ ಇಬ್ರೂ ಬೀಳ್ತೀವಿ. ಹಾಕು, ಆ ಹೊಸ ಮದ್ದೇ ಹಾಕು. ಈ ವಾರದ ಪಂದ್ಯ ಒಂದು ಆಡಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೋವಿ ನೀನೇ ಇಟ್ಕೋ, ಗೋಡೆಗೆ ತೂಗುಹಾಕು.”

ಗೋಡೆಗೆ ತೂಗುಹಾಕಿದರೆ ಕೋವಿಯ ಜೊತೆ ಅಣ್ಣನೂ ಅಲ್ಲೇ ತೂಗುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಹೂಂ ಅಂದಳು.

ಆ ವಾರ ಅವಳಿಗೆ ಬಿಡುವು ಅನ್ನುವುದೇ ಇರಲಿಲ್ಲ. ಪಂದ್ಯ ಅಂದಮೇಲೆ ಕ್ಲಬ್ಬಿನವರೆಲ್ಲ ಖಾಲಿ ಕೇಸುಗಳ ಡಬ್ಬಿ ತಂದು ಸುರಿದು ಹೋಗಿದ್ದರು. ಬೆಳಗಿಂದ ಸಂಜೆತನಕ ಕರಿಮದ್ದು. ಹಲಗೆಯ ಮೇಲೆ ಕೇಸುಗಳನ್ನು ಸಾಲಾಗಿ ನಿಲ್ಲಿಸುವುದು, ಚಮಚದಲ್ಲಿ ಅಳೆಯುವುದು, ಆಲಿಕೆಯಲ್ಲಿ ಹೊಯ್ಯುವುದು, ರಟ್ಟಿನ ಬಿಲ್ಲೆ ಇಡುವುದು, ಗುಂಡು ಕೂರಿಸುವುದು. ಈ ಕೆಲಸಕ್ಕೆ ತಲೆ ಬೇಕಿಲ್ಲ. ಯಾರಾದರೂ ಬಂದು ಮಾತಿಗೆಳೆದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮರೆತರೂ ಚಿಂತೆಯಿಲ್ಲ. ಅದಕ್ಕೆ ಅಪ್ಪ ಹೇಳಿಕೊಟ್ಟ ಒಂದು ಮಾತಿತ್ತು: ಅನುಮಾನ ಬಂದ್ರೆ ಒಂದು ಹಿಂದಕ್ಕೆ ಹೋಗಿ ಇನ್ನೊಂದು ಸಲ ಹಾಕು, ಖಾಲಿ ಇದ್ರೆ ತುಂಬುತ್ತೆ, ತುಂಬಿದ್ರೆ ಚೆಲ್ಲುತ್ತೆ. ಅಂಗಿ ಹಾಕಿಕೊಳ್ಳುವಷ್ಟು ಸಲೀಸಾಗಿ ಆ ಮಾತು ಅವಳ ಕೈಗೆ ಇಳಿದಿತ್ತು. ನೆನಪಿಸಿಕೊಳ್ಳಬೇಕಾದ್ದೇ ಇರಲಿಲ್ಲ.

ಅಣ್ಣನದನ್ನು ಕೊನೆಗೆ ಇಟ್ಟುಕೊಂಡಳು, ತಲೆ ಹಗುರ ಮಾಡಿಕೊಂಡು ಮಾಡೋಣ ಅಂತ. ಕೊನೆಗೆ ಬರುವ ಹೊತ್ತಿಗೆ ತಲೆ ಹಗುರವಾಗಲಿಲ್ಲ, ಬರಿದಾಗಿತ್ತು. ಎರಡೂ ಒಂದೇ ಅಂತ ಆಗ ಅನ್ನಿಸಿತು.

ಹೊಸ ಮದ್ದನ್ನು ತಕ್ಕಡಿಯಲ್ಲಿ ತೂಗಿ ಒಂದೊಂದೇ ಕೇಸಿಗೆ ಹಾಕುತ್ತ ಬಂದಳು. ತುಂಬಿದ ಮೇಲೆ ಟಾರ್ಚು ಬಿಟ್ಟು ಪ್ರತಿಯೊಂದರೊಳಗೂ ಇಣುಕಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. ಅರ್ಧ ಸಾಲು ಆಗುವಷ್ಟರಲ್ಲಿ ಬಾಗಿಲಲ್ಲಿ ಹಲ್ಲು ಡಾಕ್ಟರು.

“ಮದ್ದಿನಕ್ಕ, ಅಣ್ಣಾವ್ರದು ಹೊಸ ಮದ್ದಂತೆ? ನಾನೇ ಹೇಳಿದ್ದು. ಕೊನೆಗೂ ಒಬ್ರು ನನ್ನ ಮಾತು ಕೇಳಿದ್ರು. ನನ್ನ ಪೇಷಂಟುಗಳು ಕೂಡ ಕೇಳಲ್ಲ.”

“ಅವರ ಬಾಯಲ್ಲಿ ನಿಮ್ಮ ಕೈ ಇರುತ್ತಲ್ಲ ಡಾಕ್ಟ್ರೇ, ಹೂಂ ಅನ್ನೋದು ಹೇಗೆ?”

ಡಾಕ್ಟರು ನಕ್ಕರು, ಕೂತರು, ಗುರಿಹಾಳೆಗಳು ಬಂದಿಲ್ಲ ಅಂದರು, ಮರಳುಚೀಲ ಇಲಿ ಕಡಿದಿದೆ ಅಂದರು, ಸೊಸೆಗೂ ತಮಗೂ ಟೀವಿ ವಿಷಯಕ್ಕೆ ಜಗಳ ಆದದ್ದನ್ನು ಬುಡದಿಂದ ಹೇಳಿದರು. ಅವರು ಎದ್ದು ಹೋಗುವಾಗ ಹೊರಗಿನ ಬಿಸಿಲು ಕಿಟಕಿಯಿಂದ ಜಾರಿ ಗೋಡೆ ಹತ್ತಿತ್ತು.

ಮದ್ದಿನಕ್ಕ ಹಲಗೆಯ ಕಡೆ ತಿರುಗಿದಳು. ಕೈ ತನಗೆ ಗೊತ್ತಿದ್ದ ಹಾಗೆ ಶುರು ಮಾಡಿತು. ಸಾಲು ಮುಗಿಯಿತು. ರಟ್ಟಿನ ಬಿಲ್ಲೆ ಇಡುತ್ತ ಹೋದಳು, ಗುಂಡು ಕೂರಿಸುತ್ತ ಹೋದಳು. ಟಾರ್ಚು ಮೇಜಿನ ಖಾನೆಯಲ್ಲೇ ಇತ್ತು. ಪೆಟ್ಟಿಗೆ ಮುಚ್ಚಿ ಅಣ್ಣನ ಹೆಸರು ಬರೆದ ಮೇಲೆ, ಏನೋ ಬಿಟ್ಟುಹೋಗಿದೆ ಅನ್ನಿಸಿತು. ಬಾಗಿಲ ಚಿಲಕ ಹಾಕಿಲ್ಲವೇನೋ ಅಂದುಕೊಂಡು ಎರಡು ಸಲ ನೋಡಿದಳು. ಹಾಕಿತ್ತು.

ಪಂದ್ಯದ ದಿನ ಅತ್ತಿಗೆಯೂ ಗುರಿಕಟ್ಟೆಗೆ ಬಂದರು. ಅವರು ಅಲ್ಲಿಗೆ ಬಂದು ಎಷ್ಟೋ ವರ್ಷ ಆಗಿತ್ತು. ಸಂಜೆ ಕಾದಿರುವ ಕೆಲಸವನ್ನು ಬೆಳಿಗ್ಗೆಯೇ ಕೂತು ನೋಡುವುದು ಯಾರಿಗೆ ಬೇಕು. ಇವತ್ತು ಆ ಕೆಲಸವಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ದೊಡ್ಡ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು, ಹಿಂದಿನ ಬೆಂಚಿನಲ್ಲಿ ನಾದಿನಿಯ ಪಕ್ಕ ಕೂತಿದ್ದರು, ಯಾರದೋ ಮನೆಯ ಸಮಾರಂಭಕ್ಕೆ ಬಂದವರ ಹಾಗೆ.

ಗುರಿಕಟ್ಟೆ ಅಂದರೆ ತಗಡಿನ ಮಾಡು, ಅದರ ಕೆಳಗೆ ಸಾಲು ಮೇಜು, ಎದುರಿಗೆ ಹುಲ್ಲು, ಹುಲ್ಲಿನ ಕೊನೆಗೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಕಾಗದದ ಗುರಿಗಳು. ಎಲ್ಲರದೂ ಕರಿಮದ್ದು. ಗುಡುಗು, ಮೋಡ, ಕಾಯುವುದು. ಒಬ್ಬರು ಊದುಗೊಳವೆ ಕಚ್ಚಿಕೊಂಡು, ಒಳಗಿನ ಕಪ್ಪು ಒಣಗದಿರಲಿ ಅಂತ ನಳಿಗೆಗೆ ಉಸಿರು ಊದುತ್ತಿದ್ದರು, ಆರಿದ ಒಲೆ ಊದುವವರ ಹಾಗೆ. ಮಧ್ಯದಲ್ಲಿ ಅಣ್ಣನ ಮೇಜು ಮಾತ್ರ ಸ್ವಚ್ಛ. ಚಟಾರ್ ಅಂತ ಸದ್ದು, ಒಂದು ಎಳೆ ಹೊಗೆ, ಅಷ್ಟೇ. ಮೊದಲನೇ ಗುಂಡಿಗೆ ಅಣ್ಣ ಅಭ್ಯಾಸದಂತೆ ಹೊಗೆ ಸರಿಯಲಿ ಅಂತ ಕಾದು ಕೂತ. ಸರಿಯಲು ಏನೂ ಇರಲಿಲ್ಲ. ತನ್ನ ಗುಂಡು ತೂತು ಮಾಡಿದ್ದು ಆಗಲೇ ಕಾಣುತ್ತಿತ್ತು. ತಿರುಗಿ ತಂಗಿಯ ಕಡೆ ನೋಡಿದ, ಹುಬ್ಬು ಎತ್ತಿದ.

ಆಮೇಲಿನ ಗುಂಡುಗಳು ಒಂದರ ಪಕ್ಕ ಒಂದು ಹೋಗಿ ಕೂತವು. ದುರ್ಬೀನು ಹಿಡಿದವರೊಬ್ಬರು ಪಕ್ಕದವರಿಗೆ ಮೊಣಕೈಯಲ್ಲಿ ತಿವಿದರು.

“ಎಷ್ಟು ವರ್ಷ ಆಯ್ತು ಇವರ ಬೆನ್ನು ಇಷ್ಟು ನೆಟ್ಟಗೆ ನೋಡಿ,” ಅಂದರು ಅತ್ತಿಗೆ.

ಅವರು ಬೆಂಚಿನ ಮೇಲೆ ಕಪ್ಪುಗಳನ್ನು ಸಾಲಾಗಿ ಇಟ್ಟು ಟೀ ಹೊಯ್ಯುತ್ತಿದ್ದರು. ಆಗಲೇ ಹಲ್ಲು ಡಾಕ್ಟರು ಬಂದು, ನೋಡಿದ್ರಾ, ನಾನು ಹೇಳ್ಲಿಲ್ವಾ, ಅಂತ ಶುರು ಮಾಡಿದರು. ಅತ್ತಿಗೆ ಫ್ಲಾಸ್ಕು ಹಿಡಿದುಕೊಂಡೇ ಹೂಂ ಅಂದರು, ಹೌದಾ ಅಂದರು, ನಿಮ್ಮಿಂದ ಉಪಕಾರ ಆಯ್ತು ಅಂದರು. ಡಾಕ್ಟರು ಉಸಿರು ತೆಗೆದುಕೊಂಡ ಸಂದಿಯಲ್ಲಿ ಸಾಲಿನ ಕಡೆ ತಿರುಗಿ, ಎದುರಿಗೆ ಸಿಕ್ಕ ಕಪ್ಪಿಗೆ ಹೊಯ್ದರು. ಟೀ ತುಳುಕಿ ಬೆಂಚಿನ ಮೇಲೆ ಹರಿದು ಡಾಕ್ಟರ ಪ್ಯಾಂಟಿಗೆ ಇಳಿಯಿತು.

“ಅಯ್ಯೋ, ಹಾಕಿದ್ನೋ ಇಲ್ವೋ ಗೊತ್ತಾಗ್ಲಿಲ್ಲ ನೋಡಿ.”

“ಚೆಲ್ತಲ್ಲ, ಗೊತ್ತಾಯ್ತು ಬಿಡಿ,” ಅಂದರು ಡಾಕ್ಟರು ಪ್ಯಾಂಟು ಕೊಡವುತ್ತ.

ಮದ್ದಿನಕ್ಕ ಆ ಟೀಯನ್ನು ನೋಡುತ್ತ ಕೂತಳು. ಹಲಗೆಯ ಮೇಲಿನ ಸಾಲು ಕಣ್ಣ ಮುಂದೆ ಬಂತು. ಗೋಡೆ ಹತ್ತಿದ ಬಿಸಿಲು. ಡಾಕ್ಟರ ಖಾಲಿ ಕುರ್ಚಿ. ತನ್ನ ಕೈ ಒಂದು ಹಿಂದಕ್ಕೆ ಹೋಗಿ ಹಾಕಿದ್ದು. ಹಾಕಿದ್ದೋ, ಅಥವಾ ಹಾಕುವುದು ಅದರ ಅಭ್ಯಾಸವಾದ್ದರಿಂದ ಹಾಕಿರಬೇಕು ಅಂತ ಈಗ ಅನ್ನಿಸುತ್ತಿರುವುದೋ. ಹಾಕಿದ್ದರೆ ಏನೂ ಚೆಲ್ಲಿರಲಿಲ್ಲ, ಖಾಲಿ ಇತ್ತು ಅಂತ ಕೈ ಮುಂದೆ ಹೋಗಿತ್ತು. ಚೆಲ್ಲುವ ಮದ್ದೇ ಅಲ್ಲ ಅದು.

ಅಣ್ಣ ಇನ್ನೊಂದು ಕಾಡತೂಸು ಒಳಗಿಟ್ಟು ಬೀಗ ಮುಚ್ಚುತ್ತಿದ್ದ. ಕೆನ್ನೆ ಹಿಡಿಕೆಗೆ ಒರಗಿತು. ಆ ಬೀಗಕ್ಕೂ ಅವನ ಕಣ್ಣಿಗೂ ನಡುವೆ ಗೇಣಿನ ಜಾಗವಿರಲಿಲ್ಲ.

ಗುರಿಕಟ್ಟೆಯಲ್ಲಿ ಒಂದು ಕಟ್ಟುಪಾಡಿದೆ. ಯಾರು ಬೇಕಾದರೂ ನಿಲ್ಲಿಸಿ ಅನ್ನಬಹುದು, ಅಂದ ತಕ್ಷಣ ಎಲ್ಲರೂ ಕೋವಿಯಿಂದ ಕೈ ತೆಗೆಯಬೇಕು. ಆದರೆ ನಿಲ್ಲಿಸಿದವರು ಯಾಕೆ ನಿಲ್ಲಿಸಿದೆ ಅಂತ ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಆ ಮಾಡಿನ ಕೆಳಗಿದ್ದ ಪ್ರತಿಯೊಂದು ಕಾಡತೂಸೂ ಅವಳ ಮೇಜಿನಿಂದ ಬಂದದ್ದು. ಅದು ಒಂದು ಗಳಿಗೆ ಅವಳ ನಾಲಿಗೆ ಹಿಡಿಯಿತು. ಒಂದೇ ಗಳಿಗೆ.

“ನಿಲ್ಸಿ,” ಅಂದಳು.

ದನಿ ದೊಡ್ಡದಾಗಿರಲಿಲ್ಲ. ಆದರೂ ಅಣ್ಣನ ಕೈ ಮೇಲಕ್ಕೆದ್ದಿತು, ಆಮೇಲೆ ಒಬ್ಬೊಬ್ಬರದೇ. ಹೊಗೆ ಸರಿಯಿತು. ಎಲ್ಲರೂ ತಿರುಗಿದರು. ಅವಳು ಎದ್ದು ನಿಂತಳು.

“ಅಣ್ಣನ ತೋಟಾ ನಾನು ತುಂಬಿದ್ದು. ಒಂದರಲ್ಲಿ ಎರಡು ಸಲ ಮದ್ದು ಬಿದ್ದಿರಬಹುದು. ಖಂಡಿತ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಕಾರಣ.”

ಊದುಗೊಳವೆಯವರು ಅದನ್ನು ಬಾಯಿಂದ ತೆಗೆದು ಕೇಳಿದರು.

“ಮತ್ತೆ ನಮ್ಮವು?”

“ನಿಮ್ಮವು ಕರಿಮದ್ದು. ಹೆಚ್ಚಾದ್ರೆ ಚೆಲ್ಲುತ್ತೆ, ಹೆಚ್ಚಾಗೋಕೆ ಜಾಗ ಇಲ್ಲ. ಆದ್ರೂ ಬೇಡ ಅನ್ಸಿದ್ರೆ ವಾಪಸ್ ಕೊಡಿ. ಬಿಚ್ಚಿ ಕೊಡ್ತೀನಿ.”

ಒಬ್ಬರು ತಮ್ಮ ಪೆಟ್ಟಿಗೆ ನೋಡಿದರು. ನೋಡಿ ಮುಚ್ಚಳ ಹಾಕಿದರು. ಆಮೇಲೆ ಅದನ್ನು ಸದ್ದಿಲ್ಲದೆ ತಂದು ಅವಳ ಬೆಂಚಿನ ತುದಿಯಲ್ಲಿ ಇಟ್ಟುಹೋದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಸಂಕೋಚವಿತ್ತು. ಅದು ಕೋಪಕ್ಕಿಂತ ಭಾರ.

ಅಣ್ಣ ಬೀಗ ತೆರೆದು ಕಾಡತೂಸು ಹೊರಗೆ ತೆಗೆದ. ಬಿಸಿ ಇದೆಯೇನೋ ಅನ್ನುವ ಹಾಗೆ ಎರಡು ಬೆರಳಲ್ಲಿ ಹಿಡಿದು ಪೆಟ್ಟಿಗೆಗೆ ಹಾಕಿದ.

“ಯಾವುದು ಅಂತ ಗೊತ್ತಾ?”

“ಇಲ್ಲ.”

“ತೂಗಿದ್ರೆ?”

“ಕೇಸು ಅರ್ಧ ಅಪ್ಪನ ಕಾಲದ್ದು, ಅರ್ಧ ಹೊಸದು. ಒಂದೊಂದು ಒಂದೊಂದು ತೂಕ. ಬಿಚ್ಚಿದ್ರೇನೇ ಗೊತ್ತಾಗೋದು.”

ಅಣ್ಣ ಗುರಿಯ ಕಡೆ ನೋಡಿದ. ತೂತುಗಳೆಲ್ಲ ಒಂದು ಅಂಗೈಯೊಳಗೆ ಮುಚ್ಚಿಡಬಹುದಾದಷ್ಟು ಹತ್ತಿರ ಇದ್ದವು.

“ಗೆಲ್ತಿದ್ದೆ ಕಣೆ ಪುಟ್ಟಿ.”

“ಗೊತ್ತು.”

“ಸುಮ್ನೆ ಹೇಳ್ದೆ.”

ಹಲ್ಲು ಡಾಕ್ಟರು ಒದ್ದೆ ಪ್ಯಾಂಟಿನಲ್ಲೇ ಓಡಿ ಬಂದು, ತಮ್ಮ ಪೆಟ್ಟಿಗೆ ಮುಂದೆ ಹಿಡಿದರು. “ನನ್ನವು ತಗೊಳ್ಳಿ. ಅಳತೆ ಒಂದೇ. ಕರಿಮದ್ದು. ಪಂದ್ಯ ಮುಗಿಸಿ.”

ಅಣ್ಣ ಹಿಂದಿನ ಬೆಂಚಿನ ಕಡೆ ನೋಡಿದ. ಅತ್ತಿಗೆ ಚೆಲ್ಲಿದ ಟೀ ಒರೆಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

“ಬೇಡ ಡಾಕ್ಟ್ರೇ,” ಅಂದ ಅಣ್ಣ. “ಮನೇಲಿ ಕೆಟಲ್ ಇಲ್ಲ.”

ಮಧ್ಯಾಹ್ನ ಮೂವರೂ ಅಣ್ಣನ ಅಡುಗೆಮನೆಯ ಮೇಜಿನ ಸುತ್ತ ಕೂತರು. ರೈಫಲ್ಲನ್ನು ಅಣ್ಣ ಮೊದಲೇ ಒರೆಸಿ ಮೂಲೆಗೆ ಇಟ್ಟಿದ್ದ. ಒಂದು ಎಣ್ಣೆಬಟ್ಟೆ, ದಾರ ಕಟ್ಟಿ ಒಂದು ಸಲ ಎಳೆದದ್ದು, ಅಷ್ಟೇ, ಮುಗಿಯಿತು. ನೀರಿಲ್ಲ, ವಾಸನೆಯಿಲ್ಲ, ಕಪ್ಪು ಟವೆಲ್ಲಿಲ್ಲ. ಅತ್ತಿಗೆ ಅದನ್ನು ಬಾಗಿಲಲ್ಲಿ ನಿಂತು ನೋಡಿದ್ದರು.

ಕಾಡತೂಸು ಬಿಚ್ಚುವುದಕ್ಕೆ ಒಂದು ಪ್ಲಾಸ್ಟಿಕ್ ಸುತ್ತಿಗೆ ಇದೆ. ಅದರ ಟೊಳ್ಳು ತಲೆಯೊಳಗೆ ಕಾಡತೂಸು ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ ಗುಂಡೂ ಮದ್ದೂ ಕಳಚಿ ತಲೆಯೊಳಗೇ ಬೀಳುತ್ತವೆ. ಬಡಿಯಬೇಕು, ಒಂದಕ್ಕೆ ಮೂರೋ ನಾಲ್ಕೋ ಪೆಟ್ಟು. ಅಣ್ಣನ ಮಣಿಕಟ್ಟಿಗೆ ಆಗುವ ಕೆಲಸವಲ್ಲ. ಮದ್ದಿನಕ್ಕ ಒಂದು ಬಿಚ್ಚಿದಳು, ಎರಡನೆಯದಕ್ಕೆ ಭುಜ ಮೇಲೇಳಲಿಲ್ಲ.

“ಇಲ್ಲಿ ಕೊಡು,” ಅಂದರು ಅತ್ತಿಗೆ. “ನಿಮ್ಮ ವಂಶದಲ್ಲಿ ಕೋವಿ ಬೇಕಾದಷ್ಟಿದೆ. ಕೈ ಇರೋದು ಹೊರಗಿಂದ ಬಂದವಳಿಗೇ.”

ಅತ್ತಿಗೆ ಬಡಿದರು. ಅಣ್ಣ ಗುಂಡುಗಳನ್ನು ಒಂದು ಬಟ್ಟಲಿಗೆ ಹಾಕಿದ. ತಂಗಿ ಮದ್ದನ್ನು ತಕ್ಕಡಿಗೆ ಸುರಿದು ತೂಗಿದಳು. ಸರಿ ಇದೆ. ಸರಿ ಇದೆ. ಇದೂ ಸರಿ ಇದೆ. ಯಾವುದೂ ತಪ್ಪಿಲ್ಲ ಅಂತಾದರೆ ಅಣ್ಣನ ಪಂದ್ಯ ಸುಮ್ಮನೆ ಹಾಳು ಮಾಡಿದಳು. ತಪ್ಪಿದ್ದರೆ, ತಪ್ಪಿತ್ತು.

“ಇಲ್ದೇ ಇದ್ರೂ ಪರವಾಗಿಲ್ಲ,” ಅಂದ ಅಣ್ಣ, ಅವಳ ಮುಖ ನೋಡಿ. “ಬಸ್ಸಿಗೆ ಯಾವುದೋ ಸದ್ದು ಬರ್ತಿದೆ ಅಂತ ಎಷ್ಟು ಸಲ ನಿಲ್ಸಿಲ್ಲ ನಾನು. ಜನ ಬೈಯೋರು. ಇಳಿದು ನೋಡಿದ್ರೆ ಯಾರದ್ದೋ ಟಿಫನ್ ಡಬ್ಬಿ.”

ಮುಂದಿನದನ್ನು ಸುರಿದಾಗ ತಕ್ಕಡಿಯ ತಟ್ಟೆ ತಳ ಮುಟ್ಟಿತು. ಮದ್ದಿನಕ್ಕ ಅದನ್ನು ಒಂದು ಬಿಳಿ ಕಾಗದದ ಮೇಲೆ ಹಾಕಿದಳು. ಪಕ್ಕದಲ್ಲಿ ಸರಿಯಿದ್ದ ಒಂದರ ಮದ್ದನ್ನು ಹಾಕಿದಳು. ಒಂದು ಗುಪ್ಪೆಯ ಪಕ್ಕ ಅದರ ಎರಡರಷ್ಟು ಗುಪ್ಪೆ.

ಮೂವರೂ ನೋಡಿದರು. ಅತ್ತಿಗೆ ಸುತ್ತಿಗೆ ಕೆಳಗಿಟ್ಟರು.

“ಇಷ್ಟೇನಾ?” ಅಂದರು. “ಉಪ್ಪು ಹಾಕೋದೂ ಇದಕ್ಕಿಂತ ಜಾಸ್ತಿ.”

ಮದ್ದಿನಕ್ಕ ಆ ದೊಡ್ಡ ಗುಪ್ಪೆಯನ್ನು ಖಾಲಿ ಕೇಸಿಗೆ ಮತ್ತೆ ಸುರಿದು ತೋರಿಸಿದಳು. ಮೇಲೆ ಇನ್ನೂ ಜಾಗ ಉಳಿದಿತ್ತು. ಅಣ್ಣ ಒಳಗೆ ಇಣುಕಿದ. ಆಮೇಲೆ ತನ್ನ ಬಲಗಣ್ಣನ್ನು ಅಂಗೈ ಬುಡದಿಂದ ಒಂದು ಸಲ ಉಜ್ಜಿಕೊಂಡ.

“ನಂಗೆ ಹೊಸ ಮದ್ದು ಬೇಡ ಅಣ್ಣ,” ಅಂದಳು. “ಕೋವಿ ತಡಿಯುತ್ತೆ. ನಾನು ತಡಿಯಲ್ಲ. ಟಾರ್ಚು ಹಿಡಿದು ನೋಡ್ಬೇಕು ಅಂತ ಗೊತ್ತಿತ್ತು, ನೋಡ್ಲಿಲ್ಲ. ನನ್ನ ಕೈ ಬೇರೆ ಮದ್ದಿಗೆ ಪಳಗಿಬಿಟ್ಟಿದೆ. ಈ ವಯಸ್ಸಲ್ಲಿ ಅದಕ್ಕೆ ಬುದ್ಧಿ ಹೇಳೋಕೆ ಹೋದ್ರೆ ಯಾರದ್ದಾದ್ರೂ ಕಣ್ಣು ಹೋಗುತ್ತೆ.”

ಅತ್ತಿಗೆ ಮೂಲೆಯಲ್ಲಿದ್ದ ರೈಫಲ್ ಕಡೆ ನೋಡುತ್ತಿದ್ದರು.

“ಎಷ್ಟು ಚೆನ್ನಾಗಿತ್ತು ಇವತ್ತು,” ಅಂದರು. “ಒಂದು ಬಟ್ಟೆ ಎಳೆದ್ರು, ಮುಗೀತು. ನಾನು ಕೂತ್ಕೊಂಡು ಟೀ ಕುಡಿದೆ.” ರೈಫಲ್ಲಿನಿಂದ ಕಣ್ಣು ತೆಗೆದು, “ಕರಿಮದ್ದಂದ್ರೆ, ತೊಳೆಯೋದು ಯಾರು?”

ಅಣ್ಣ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. “ಗೋಡೆಗೆ ತೂಗುಹಾಕೋಣ ಅಂತ ಹೇಳಿದ್ನಲ್ಲ.”

“ನಾನು ಬರ್ತೀನಿ,” ಅಂದಳು ಮದ್ದಿನಕ್ಕ. “ನೀನು ಹೊಡೆದ ದಿನ ಅಂಗಡಿ ಮುಚ್ಚಿ ಇಲ್ಲಿಗೇ ಬರ್ತೀನಿ.”

“ಮೇಲೇಳದಿರೋ ಭುಜ ಹೊತ್ಕೊಂಡು?”

“ಎಳೆಯೋಕಾಗುತ್ತೆ ಅತ್ತಿಗೆ. ತಳ್ಳೋದು ಕಷ್ಟ.”

“ನಂಗೆ ತಳ್ಳೋಕಾಗುತ್ತೆ. ಕೂರೋಕಾಗಲ್ಲ.” ಅತ್ತಿಗೆ ಮೇಜಿನ ಎತ್ತರವನ್ನು ಕಣ್ಣಲ್ಲೇ ಅಳೆದರು. “ಸ್ನಾನದ ಮನೆ ಬೇಡ. ಇಲ್ಲೇ, ಈ ಮೇಜಿನ ಮೇಲೆ. ನೀನು ಆ ಕಡೆಯಿಂದ ಎಳಿ, ನಾನು ಈ ಕಡೆಯಿಂದ ತಳ್ತೀನಿ. ಅಡುಗೆಮನೆ ಗಬ್ಬು ನಾತ ಬಂದ್ರೆ ಬರ್ಲಿ. ಆದ್ರೆ ಆ ದಿನ ನಾನು ಅಡುಗೆ ಮಾಡಲ್ಲ.”

“ನೀರು ನಾನು ಕಾಯಿಸ್ತೀನಿ,” ಅಂದ ಅಣ್ಣ.

“ಕೇಳಿಸ್ತಾ?” ಅತ್ತಿಗೆ ನಾದಿನಿಯ ಕಡೆ ತಿರುಗಿದರು. “ಮದುವೆಯಾದ ದಿನದಿಂದ ಕಾಯ್ತಿದ್ದೆ, ಈ ಮನುಷ್ಯ ನೀರು ಕಾಯಿಸ್ತಾರಂತೆ.”

“ಕೆಟಲ್ ಇನ್ನೂ ಅಲ್ಲೇ ಇದೆಯಾ?” ಅಂದ ಅಣ್ಣ ತಂಗಿಗೆ.

“ಅಂಗಡೀಲಿದೆ,” ಅಂದಳು ಮದ್ದಿನಕ್ಕ. ತಂದುಕೊಡುತ್ತೇನೆ ಅನ್ನಬೇಕಿತ್ತು. ಅಂಗಡಿಗೆ ಹೋಗುವುದು, ಬೀಗ ತೆಗೆಯುವುದು, ಬೆಂಚಿನ ತುದಿಗೆ ಬಂದು ಕೂತಿದ್ದ ಆ ಇನ್ನೊಬ್ಬರ ಪೆಟ್ಟಿಗೆಯನ್ನೂ ಬಿಚ್ಚಬೇಕಲ್ಲ ಅನ್ನುವುದು, ಎಲ್ಲ ಒಟ್ಟಿಗೆ ನೆನಪಾಗಿ ಕುರ್ಚಿಗೆ ಇನ್ನಷ್ಟು ಒರಗಿದಳು.

ಪೆಟ್ಟಿಗೆಯಲ್ಲಿ ಇನ್ನೂ ಕಾಡತೂಸುಗಳು ಉಳಿದಿದ್ದವು. ಅಣ್ಣ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

“ಸಿಕ್ತಲ್ಲ. ಸಾಕಲ್ವಾ?”

“ಒಂದೇ ಸಲ ಹಾಗೆ ಮಾಡಿದ್ದೀನಿ ಅಂತ ಯಾರು ಹೇಳಿದ್ರು?” ಅಂದಳು ತಂಗಿ.

ಅತ್ತಿಗೆ ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡರು, ಅಣ್ಣನ ಕೈಯಿಂದ ಆ ಕಾಡತೂಸು ಇಸಿದುಕೊಂಡು ಅದರ ತಲೆಯೊಳಗೆ ಸಿಕ್ಕಿಸಿದರು, ಕೊರಡನ್ನು ತಮ್ಮ ಕಡೆ ಎಳೆದುಕೊಂಡರು.

“ತಕ್ಕಡಿ ನೋಡು,” ಅಂದು ಬಡಿದರು.